ಸವೆದ ಬಿಲ್ಲೆಯ ಬೆಲೆ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಮುಖ್ಯವಾಗಿ 1862ರ ಕೊನೆಯಿಂದ 1864ರ ನಡುಭಾಗದವರೆಗೆ, ಉತ್ತರದ ರಾಜ್ಯಗಳ ಪೇಟೆಗಳಲ್ಲಿ ಒಂದು ಸೆಂಟಿನ ನಾಣ್ಯದ ಜಾಗದಲ್ಲಿ ಅಂಗಡಿಕಾರರು ಅಚ್ಚು ಹಾಕಿಸಿದ ತಾಮ್ರ ಮತ್ತು ಹಿತ್ತಾಳೆಯ ಬಿಲ್ಲೆಗಳು ಓಡಾಡಿದವು. ಅಗಲದಲ್ಲಿ ಅವು ಸರ್ಕಾರಿ ಸೆಂಟಿನಷ್ಟೇ, ಅಂದರೆ ಸುಮಾರು 19 ಮಿಲಿಮೀಟರ್. ತೂಕದಲ್ಲಿ ಅದಕ್ಕಿಂತ ಹಗುರ. ಇಂಥ ಬಿಲ್ಲೆಗಳು ಎರಡೂವರೆ ಕೋಟಿಯಾದರೂ ತಯಾರಾಗಿರಬೇಕು ಎಂಬುದು ನಾಣ್ಯ ತಜ್ಞರ ಅಂದಾಜು. ಇಂದು ಇವನ್ನು ಸಂಗ್ರಹಿಸುವವರ ಸಂಘವಿದೆ, ದಪ್ಪ ದಪ್ಪ ಪಟ್ಟಿಕೆಗಳಿವೆ, ಹರಾಜುಗಳಿವೆ. ಆದರೆ ಇವುಗಳ ಬೆಲೆ ಕಟ್ಟುವ ರೂಢಿಯಲ್ಲಿ ಒಂದು ತಲೆಕೆಳಗಾದ ಲೆಕ್ಕ ಸೇರಿಕೊಂಡಿದೆ. ಅತಿ ಹೆಚ್ಚು ಹಣಕ್ಕೆ ಮಾರಾಟವಾಗುವ ಬಿಲ್ಲೆಗಳಲ್ಲಿ ಹಲವು ಯಾವ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಕಂಡಿಲ್ಲ. ನಿಜವಾಗಿ ಚಿಲ್ಲರೆಯಾಗಿ ದುಡಿದು ಸವೆದವು ಮಾತ್ರ ಅಗ್ಗದ ರಾಶಿಯಲ್ಲಿ ಬಿದ್ದಿವೆ. ಈ ಲೆಕ್ಕ ಹೇಗೆ ಹುಟ್ಟಿತು, ಅದನ್ನು ಏಕೆ ತಿದ್ದಿಕೊಳ್ಳಬೇಕು ಎಂಬುದು ತಿಳಿಯಬೇಕಾದರೆ ಬಿಲ್ಲೆಗಳು ಹುಟ್ಟಿದ ಸಂದರ್ಭದಿಂದಲೇ ಶುರುಮಾಡಬೇಕು.

ಯುದ್ಧ 1861ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದೇ ವರ್ಷ ಡಿಸೆಂಬರ್ 30ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದವು. 1862ರ ಫೆಬ್ರವರಿ 25ರ ಕಾಯ್ದೆಯ ಮೂಲಕ ಸರ್ಕಾರ 15 ಕೋಟಿ ಡಾಲರ್ ಮೊತ್ತದ ನೋಟುಗಳನ್ನು ಹೊರಡಿಸಲು ಅಧಿಕಾರ ಪಡೆಯಿತು. ಹಿಂಬದಿಯ ಹಸಿರು ಬಣ್ಣದಿಂದಾಗಿ ಜನ ಅವನ್ನು 'ಗ್ರೀನ್‌ಬ್ಯಾಕ್' ಎಂದು ಕರೆದರು. ಆ ನೋಟನ್ನು ಚಿನ್ನಕ್ಕೆ ಬದಲಿಸಿಕೊಳ್ಳುವಂತಿರಲಿಲ್ಲ. ಯುದ್ಧರಂಗದ ಸುದ್ದಿ ಕೆಟ್ಟಂತೆಲ್ಲ ಅದರ ಬೆಲೆ ಇಳಿಯಿತು. 1862ರ ಜುಲೈನಲ್ಲಿ 100 ಡಾಲರಿನ ಚಿನ್ನಕ್ಕೆ ಸುಮಾರು 115 ಡಾಲರ್ ನೋಟು ತೆರಬೇಕಾಗಿತ್ತು.

ಬೆಳ್ಳಿಯ ಚಿಲ್ಲರೆ ಮಾಯವಾದದ್ದು ಈ ಹಂತದಲ್ಲಿ. 1853ರಲ್ಲಿ ಅರ್ಧ ಡಾಲರು ಮತ್ತು ಅದಕ್ಕಿಂತ ಚಿಕ್ಕ ಬೆಳ್ಳಿ ನಾಣ್ಯಗಳ ತೂಕವನ್ನು ಶೇಕಡ 7ರ ಹತ್ತಿರ ಇಳಿಸಲಾಗಿತ್ತು. ಮುಖಬೆಲೆಗಿಂತ ಲೋಹದ ಬೆಲೆ ಸ್ವಲ್ಪ ಕಡಿಮೆ ಇದ್ದುದರಿಂದಲೇ ಅವು ಪೇಟೆಯಲ್ಲಿ ಉಳಿದಿದ್ದವು. ನೋಟಿನ ಬೆಲೆ ಆ ಅಂತರವನ್ನು ದಾಟಿ ಕುಸಿದಾಗ ಲೆಕ್ಕ ಮಗುಚಿತು. ನೋಟು ಕೊಟ್ಟು ಬೆಳ್ಳಿ ನಾಣ್ಯ ಕೂಡಿಸಿ ಕೆನಡಾಕ್ಕೆ ಸಾಗಿಸಿದವನಿಗೆ ಲಾಭ ಖಚಿತವಾಯಿತು. ಕೆನಡಾದ ಪೇಟೆಗಳಲ್ಲಿ ಅಮೆರಿಕದ ಬೆಳ್ಳಿ ತುಂಬಿ ತುಳುಕಿತು. ಉತ್ತರದ ನಗರಗಳಲ್ಲಿ ಕಾಲು ಡಾಲರು, ಹತ್ತು ಸೆಂಟು, ಐದು ಸೆಂಟಿನ ನಾಣ್ಯಗಳು ಕೆಲವೇ ವಾರಗಳಲ್ಲಿ ಕಣ್ಮರೆಯಾದವು. ಒಂದು ಡಾಲರಿಗಿಂತ ಚಿಕ್ಕ ನೋಟು ಇರಲೇ ಇಲ್ಲ. ಕುದುರೆ ಟ್ರಾಮಿನ ಬಾಡಿಗೆ, ಒಂದು ರೊಟ್ಟಿ, ಒಂದು ಲೋಟ ಬಿಯರ್, ಒಂದು ದಿನಪತ್ರಿಕೆ ಇವುಗಳಿಗೆ ಹಣ ಕೊಡುವ ಸಾಧನವೇ ತಪ್ಪಿಹೋಯಿತು.

ಗಮನಿಸಬೇಕಾದ್ದು ಸೆಂಟಿನ ಕಥೆ. ಆಗಿನ ಸೆಂಟು 88 ಪಾಲು ತಾಮ್ರ, 12 ಪಾಲು ನಿಕ್ಕಲ್ ಬೆರೆಸಿದ, 4.67 ಗ್ರಾಂ ತೂಗುವ ನಾಣ್ಯ. ಅದರ ಲೋಹದ ಬೆಲೆ ಮುಖಬೆಲೆಗಿಂತ ಸಾಕಷ್ಟು ಕಡಿಮೆ; ಕರಗಿಸಿದರೆ ಲಾಭವಿರಲಿಲ್ಲ. ಆದರೂ ಜನ ಅದನ್ನೂ ಕೂಡಿಡತೊಡಗಿದರು. ಬೆಳ್ಳಿ ಹೋದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಉಳಿದದ್ದು ಅದೊಂದೇ. ಟಂಕಸಾಲೆ 1862ರಲ್ಲಿ 2 ಕೋಟಿ 80 ಲಕ್ಷ, 1863ರಲ್ಲಿ 4 ಕೋಟಿ 98 ಲಕ್ಷ ಸೆಂಟುಗಳನ್ನು ಹೊಡೆದರೂ ಕೊರತೆ ತೀರಲಿಲ್ಲ. ಸೆಂಟಿನ ಗಂಟುಗಳಿಗೆ ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವ ಸ್ಥಿತಿ ಬಂತು. ಅಂದರೆ ಈ ಅಭಾವವನ್ನು ಲೋಹದ ಬೆಲೆಯೊಂದರಿಂದಲೇ ವಿವರಿಸಲಾಗದು. ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯವೇ ನಾಣ್ಯವನ್ನು ಪೆಟ್ಟಿಗೆಗೆ ಸೇರಿಸಿತು.

ಸರ್ಕಾರದ ಮೊದಲ ಉಪಾಯ ಅಂಚೆ ಚೀಟಿ. 1862ರ ಜುಲೈ 17ರ ಕಾಯ್ದೆ ಸರ್ಕಾರಕ್ಕೆ ಸಲ್ಲಿಸುವ ಪಾವತಿಗೆ ಅಂಚೆ ಚೀಟಿಯನ್ನು ಬಳಸಲು ಒಪ್ಪಿತು. ಅದರ ಜೊತೆಗೇ ಒಂದು ಡಾಲರಿಗಿಂತ ಕಡಿಮೆ ಮೊತ್ತದ ಖಾಸಗಿ ಚೀಟಿ, ಟೋಕನ್ನುಗಳನ್ನು ನಿಷೇಧಿಸಿತು. ಬೇಸಿಗೆಯ ಬೆವರಿಗೆ ಅಂಟು ಬಿಟ್ಟು ಜೇಬಿನಲ್ಲಿ ಮುದ್ದೆಯಾಗುವ ಚೀಟಿ ಹಣವಾಗಿ ಎಷ್ಟು ದಿನ ಬಾಳೀತು? ಜಾನ್ ಗಾಲ್ಟ್ ಎಂಬಾತ ಅದನ್ನು ಹಿತ್ತಾಳೆಯ ಗುಂಡು ಕರಡಿಗೆಯಲ್ಲಿಟ್ಟು, ಮುಖ ಕಾಣುವಂತೆ ಅಭ್ರಕದ ಹಾಳೆ ಮುಚ್ಚಿ, 1862ರ ಆಗಸ್ಟ್ 12ರಂದು ಪೇಟೆಂಟ್ ಪಡೆದ. ಹಿಂಬದಿಯ ಹಿತ್ತಾಳೆಯ ಮೇಲೆ ಔಷಧಿ ಕಂಪನಿಗಳು, ಬಟ್ಟೆ ಅಂಗಡಿಗಳು ತಮ್ಮ ಜಾಹೀರಾತು ಒತ್ತಿಸಿದವು. ಆದರೆ ಈ ಕರಡಿಗೆಗೆ ಖರ್ಚು ಜಾಸ್ತಿ, ಅಂಚೆ ಚೀಟಿಗೂ ಕೊರತೆ. ಆಗಸ್ಟ್ ತಿಂಗಳಲ್ಲೇ ಖಜಾನೆ 5, 10, 25, 50 ಸೆಂಟುಗಳ ಪುಟ್ಟ ಕಾಗದದ ನೋಟುಗಳನ್ನು ಹೊರಡಿಸಿತು. ಐದು ಸೆಂಟಿನಿಂದ ಮೇಲಿನ ಕಷ್ಟ ಇದರಿಂದ ಬಹುಮಟ್ಟಿಗೆ ಕಳೆಯಿತು. ಐದಕ್ಕಿಂತ ಕೆಳಗಿನ ಒಂದು, ಎರಡು, ಮೂರು ಸೆಂಟಿನ ವ್ಯವಹಾರಕ್ಕೆ ಏನೂ ಇರಲಿಲ್ಲ. ಬಡವರ ದಿನನಿತ್ಯದ ಕೊಡುಕೊಳೆಯೆಲ್ಲ ಇದ್ದದ್ದು ಆ ಮಟ್ಟದಲ್ಲೇ. ಅಂಗಡಿಕಾರರ ಬಿಲ್ಲೆ ತುಂಬಿದ್ದು ಈ ಕಂದಕವನ್ನು.

1862ರ ಕೊನೆಯ ತಿಂಗಳುಗಳಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿಯ ಕಡೆ ಕಾಣಿಸಿಕೊಂಡ ಬಿಲ್ಲೆಗಳು 1863ರಲ್ಲಿ ನ್ಯೂಯಾರ್ಕ್, ಮಿಷಿಗನ್, ಇಂಡಿಯಾನಾ, ಇಲಿನಾಯ್, ವಿಸ್ಕಾನ್ಸಿನ್‌ಗಳಿಗೆ ಹಬ್ಬಿದವು. ಹೆಚ್ಚಿನವುಗಳ ಮೇಲೆ ಕಾಣುವ ಇಸವಿ 1863. ದಕ್ಷಿಣದ ರಾಜ್ಯಗಳು ಕಾಗದದ ಚೂರುಗಳಿಂದಲೇ ಕಾಲ ತಳ್ಳಿದವು. ಲೋಹದ ಬಿಲ್ಲೆ ಅಲ್ಲಿ ವಿರಳ. ಉತ್ತರದ ಬಿಲ್ಲೆಗಳಲ್ಲಿ ಎರಡು ಮುಖ್ಯ ಬಗೆ. ಅಂಗಡಿಯ ಹೆಸರು, ಕಸುಬು, ಬೀದಿಯ ವಿಳಾಸ ಹೊತ್ತವು ಒಂದು ಬಗೆ. ಯಾವ ವರ್ತಕನ ಹೆಸರೂ ಇಲ್ಲದೆ ಬಾವುಟ, ವಾಷಿಂಗ್ಟನ್ನನ ತಲೆ, 'ಮಾನಿಟರ್' ಯುದ್ಧನೌಕೆ, ಒಕ್ಕೂಟದ ಪರವಾದ ಘೋಷಣೆ ಇರುವ ದೇಶಭಕ್ತಿಯ ಬಿಲ್ಲೆಗಳು ಇನ್ನೊಂದು. ಇವಲ್ಲದೆ ಸೈನ್ಯದ ಬಿಡಾರಗಳ ಜೊತೆ ಸಾಗುತ್ತಿದ್ದ ದಂಡಿನ ವರ್ತಕರು ಐದರಿಂದ ಐವತ್ತು ಸೆಂಟಿನವರೆಗಿನ ಬಿಲ್ಲೆಗಳನ್ನು ಸಿಪಾಯಿಗಳಿಗೆ ಕೊಡುತ್ತಿದ್ದರು. ಅವನ್ನು ಅದೇ ವರ್ತಕನ ಬಳಿ ಸಾಮಾನಿಗೆ ಮಾತ್ರ ಬದಲಿಸಿಕೊಳ್ಳಬಹುದಿತ್ತು. ಸಂಬಳ ಬರುವ ಮೊದಲೇ ಅದನ್ನು ಹಿಡಿದುಕೊಳ್ಳುವ ಉಪಾಯ ಅದು.

ವರ್ತಕರ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಊರಿನ ಪೇಟೆಬೀದಿಯೇ ಕಣ್ಣೆದುರು ಬರುತ್ತದೆ: ದಿನಸಿ ಅಂಗಡಿ, ಕಸಾಯಿ, ಬೇಕರಿ, ಔಷಧಿ ಅಂಗಡಿ, ಬಿಯರ್ ಕುದಿಸುವವರು, ಸಿಗಾರ್ ಮಾರುವವರು, ಚಪ್ಪಲಿ ಹೊಲಿಯುವವರು, ಹಲ್ಲಿನ ವೈದ್ಯರು, ಶವಪೆಟ್ಟಿಗೆ ಒದಗಿಸುವವರು. ಸಿನ್ಸಿನಾಟಿಯ ಬಿಲ್ಲೆಗಳಲ್ಲಿ ಜರ್ಮನ್ ವಲಸೆಗಾರರ ಹೆಸರುಗಳು ತುಂಬಿವೆ. ಇವರಲ್ಲಿ ಹೆಚ್ಚಿನವರು ಯಾವ ಇತಿಹಾಸ ಪುಸ್ತಕಕ್ಕೂ ಸೇರದ ಜನ. ಊರಿನ ವ್ಯಾಪಾರಿಗಳ ವಾರ್ಷಿಕ ವಿಳಾಸ ಪುಸ್ತಕದ ಒಂದು ಸಾಲು, ಈ ಬಿಲ್ಲೆ: ಹಲವರ ವ್ಯಾಪಾರದ ಬದುಕಿಗೆ ಉಳಿದಿರುವ ಸಾಕ್ಷಿ ಇಷ್ಟೇ.

ಬಿಲ್ಲೆಯ ಹಿಂದಿನ ಭರವಸೆ ಯಾವ ಬಗೆಯದು ಎಂಬುದನ್ನು ಅದರ ಬರಹವೇ ಹೇಳುತ್ತದೆ. ಕೆಲವು ಬಿಲ್ಲೆಗಳು 'ಒಂದು ಸೆಂಟ್ ಕೊಡಬೇಕಿದೆ' ಎಂದು ನೇರವಾಗಿ ಸಾಲ ಒಪ್ಪಿಕೊಳ್ಳುತ್ತವೆ. ಇನ್ನು ಕೆಲವು ದೊಡ್ಡಕ್ಷರದಲ್ಲಿ 'ಒಂದು ಸೆಂಟ್' ಎಂದು ಬರೆದು, ಅದರ ಮೇಲೆ ಸಣ್ಣಕ್ಷರದಲ್ಲಿ 'ಅಲ್ಲ' ಎಂದು ಸೇರಿಸುತ್ತವೆ. ದೂರದಿಂದ ನೋಡಿದವನಿಗೆ ಸೆಂಟು, ನ್ಯಾಯಾಲಯಕ್ಕೆ ಹೋದರೆ ಸೆಂಟಲ್ಲ. ಕಾನೂನಿನ ನಿಷೇಧವಿದ್ದರೂ ಬಿಲ್ಲೆ ಚಲಿಸಿತು, ಏಕೆಂದರೆ ಅದನ್ನು ತಡೆದಿದ್ದರೆ ಪೇಟೆಯೇ ನಿಲ್ಲುತ್ತಿತ್ತು. ಕರ್ನಾಟಕದ ಬಸ್ಸುಗಳಲ್ಲಿ ಚಿಲ್ಲರೆ ಇಲ್ಲದ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಮೊತ್ತ ಬರೆದುಕೊಡುವಾಗ ಆಗುವುದೂ ಇದೇ ತರದ ವ್ಯವಹಾರ: ಪರಿಚಿತ ವ್ಯವಸ್ಥೆಯೊಂದರ ಮೇಲಿನ ನಂಬಿಕೆಯಿಂದ ಪ್ರಯಾಣಿಕ ಒಂದು ಗೀಚನ್ನು ಹಣವೆಂದು ಜೇಬಿಗಿಳಿಸುತ್ತಾನೆ. ವ್ಯತ್ಯಾಸವೆಂದರೆ ಟಿಕೆಟು ಅದೇ ಕಂಡಕ್ಟರಿನ ಕೈಗೆ ಮರಳಬೇಕು. ಬಿಲ್ಲೆಯೋ ಹತ್ತು ಅಂಗಡಿ ಸುತ್ತಿ ಅಪರಿಚಿತರ ಕೈ ಸೇರುತ್ತಿತ್ತು.

ನಂಬಿಕೆ ಮುರಿದಾಗ ನಷ್ಟ ಯಾರಿಗೆ ಎಂಬುದಕ್ಕೆ ನ್ಯೂಯಾರ್ಕಿನ ಮದ್ಯದಂಗಡಿಯ ಮಾಲೀಕ ಗುಸ್ಟಾವಸ್ ಲಿಂಡನ್‌ಮುಲ್ಲರನ ಕಥೆಯನ್ನು ಸಂಗ್ರಾಹಕರು ಮತ್ತೆ ಮತ್ತೆ ಹೇಳುತ್ತಾರೆ. ಅವನ ಬಿಲ್ಲೆಯ ಒಂದು ಮುಖದಲ್ಲಿ ಗಡ್ಡದ ತಲೆ, ಇನ್ನೊಂದರಲ್ಲಿ ನೊರೆಯುಕ್ಕುವ ಬಿಯರ್ ಲೋಟ. ಹತ್ತು ಲಕ್ಷಕ್ಕೂ ಮೀರಿ ಹೊರಬಿದ್ದವು ಎನ್ನುವ ಆ ಬಿಲ್ಲೆಗಳನ್ನು ಥರ್ಡ್ ಅವೆನ್ಯೂ ಟ್ರಾಮ್ ಕಂಪನಿ ಬಾಡಿಗೆಯಾಗಿ ಸ್ವೀಕರಿಸಿತು. ಕೂಡಿದ ರಾಶಿಯನ್ನು ಬದಲಿಸಿಕೊಡೆಂದು ಕೇಳಿದಾಗ ಆತ ಒಪ್ಪಲಿಲ್ಲ. ಕಂಪನಿಗೆ ಕಾನೂನಿನ ದಾರಿಯೂ ಇರಲಿಲ್ಲ ಎಂಬುದು ಕಥೆ. ಒಂದು ಸೆಂಟಿಗೆ ಹೊರಡಿಸಿದ ಬಿಲ್ಲೆಯ ತಯಾರಿಕೆಗೆ ಸೆಂಟಿನ ಒಂದು ಪಾಲಷ್ಟೇ ತಗಲುತ್ತಿದ್ದುದರಿಂದ ಬದಲಿಸಿಕೊಡದ ಪ್ರತಿ ಬಿಲ್ಲೆಯೂ ಮಾಲೀಕನಿಗೆ ಲಾಭ. ಆದ್ದರಿಂದ ಈ ಬಿಲ್ಲೆಗಳನ್ನು ಸರ್ಕಾರ ಸೋತಾಗ ಜನರೇ ಕಟ್ಟಿಕೊಂಡ ಪರಸ್ಪರ ಸಹಾಯವೆಂದು ಕೊಂಡಾಡುವುದು ಅರ್ಧ ಸತ್ಯ. ಅವು ಅಗತ್ಯವನ್ನು ಪೂರೈಸಿದವು, ನಿಜ. ಆ ಅಗತ್ಯದ ಬೆಲೆಯನ್ನು ಕೊನೆಯಲ್ಲಿ ಬಿಲ್ಲೆ ಹಿಡಿದು ಉಳಿದವನು ತೆತ್ತ.

ಟಂಕಸಾಲೆ ಇದರಿಂದ ಒಂದು ಪಾಠ ಕಲಿತದ್ದು ಉಲ್ಲೇಖನೀಯ. ಹಗುರವಾದ ತಾಮ್ರದ ಬಿಲ್ಲೆಯನ್ನು ಜನ ತಕರಾರಿಲ್ಲದೆ ಸೆಂಟೆಂದು ಒಪ್ಪಿಕೊಂಡದ್ದನ್ನು ಟಂಕಸಾಲೆಯ ನಿರ್ದೇಶಕ ಜೇಮ್ಸ್ ಪೊಲಾಕ್ ಗಮನಿಸಿದರು. 1864ರ ಏಪ್ರಿಲ್ 22ರ ಕಾಯ್ದೆ ನಿಕ್ಕಲ್ ಬೆರೆತ ದಪ್ಪ ಸೆಂಟನ್ನು ಕೈಬಿಟ್ಟು 3.11 ಗ್ರಾಂ ತೂಗುವ ತೆಳುವಾದ ಕಂಚಿನ ಸೆಂಟನ್ನೂ, ಎರಡು ಸೆಂಟಿನ ಹೊಸ ನಾಣ್ಯವನ್ನೂ ತಂದಿತು. ಖಾಸಗಿ ಸೆಂಟುಗಳನ್ನು ನಿಷೇಧಿಸಿತು. ಜೂನ್ 8ರ ಇನ್ನೊಂದು ಕಾಯ್ದೆ ಹಣವಾಗಿ ಬಳಸುವ ಉದ್ದೇಶದ ಎಲ್ಲ ಖಾಸಗಿ ಲೋಹದ ನಾಣ್ಯಗಳನ್ನೂ ಅಪರಾಧವಾಗಿಸಿತು. ಆದರೆ ಈ ನಿಷೇಧ ಫಲಿಸಿದ್ದು ಶಿಕ್ಷೆಯ ಹೆದರಿಕೆಗಿಂತ ಹೆಚ್ಚಾಗಿ ಹೊಸ ಸೆಂಟು ಧಾರಾಳವಾಗಿ ದೊರೆತದ್ದರಿಂದ. 1862ರ ನಿಷೇಧ ಕಾಗದದಲ್ಲೇ ಉಳಿದದ್ದು ಇದಕ್ಕೆ ಪುರಾವೆ.

ಇಂಥದೇ ಪಾಠ ಎಂಬತ್ತು ವರ್ಷಗಳ ಬಳಿಕ ಭಾರತದಲ್ಲೂ ಮರುಕಳಿಸಿತು. ಎರಡನೇ ಮಹಾಯುದ್ಧದಲ್ಲಿ ಜನ ಬೆಳ್ಳಿ ರೂಪಾಯಿ ಕೂಡಿಡತೊಡಗಿದಾಗ 1940ರಲ್ಲಿ ಸರ್ಕಾರ ನಾಣ್ಯ ಶೇಖರಣೆಯನ್ನು ಅಪರಾಧವೆಂದು ಸಾರಿ, ಒಂದು ರೂಪಾಯಿಯ ನೋಟು ಬಿಡುಗಡೆ ಮಾಡಿತು. ಕಾಠಿಯಾವಾಡದ ಮೋರ್ವಿ, ಜುನಾಗಢ ಮುಂತಾದ ಸಂಸ್ಥಾನಗಳು ಕಾಸು, ಆಣೆಗಳ ಬದಲಿಗೆ ಚಿಕ್ಕ ಕೂಪನ್ನುಗಳನ್ನು ಹಂಚಿದವು. 1943ರಲ್ಲಿ ಬಂದ, ಕನ್ನಡನಾಡಿನ ಹಿರಿಯರ ನೆನಪಿನಲ್ಲಿ ಇನ್ನೂ ಇರುವ ತೂತಿನ ಕಾಸು ಲೋಹ ಉಳಿಸುವ ಉಪಾಯವೇ ಆಗಿತ್ತು. ಹಳೆಯ ಕಾಲಾಣೆ 4.86 ಗ್ರಾಂ ತೂಗಿದರೆ ಅದೇ ಬೆಲೆಯ ತೂತಿನ ಕಾಸು ತೂಗಿದ್ದು ಸುಮಾರು 2 ಗ್ರಾಂ. ನಡುವೆ ತೂತಿದ್ದರೂ ಜನ ಅದನ್ನು ತಗೊಂಡರು.

ಅಮೆರಿಕದ ಬಿಲ್ಲೆಗಳ ಸಂಗ್ರಹ ಯುದ್ಧ ಮುಗಿಯುವ ಮೊದಲೇ ಶುರುವಾಯಿತು. ನಾಣ್ಯ ಸಂಗ್ರಹದ ಹವ್ಯಾಸ ಆ ದೇಶದಲ್ಲಿ ಆಗಷ್ಟೇ ಬೇರೂರುತ್ತಿತ್ತು; ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಹುಟ್ಟಿದ್ದು 1858ರಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಎಡ್ವರ್ಡ್ ಗ್ರೋ ಬಿಲ್ಲೆಗಳನ್ನು ಅವು ಪೇಟೆಯಲ್ಲಿ ನಡೆಯುತ್ತಿದ್ದ ಕಾಲದಿಂದಲೇ ಕೂಡಿಸುತ್ತ ಬಂದು, 5,000ಕ್ಕೂ ಮೀರಿದ ಸಂಗ್ರಹವನ್ನು 1900ರಲ್ಲಿ ಸೊಸೈಟಿಗೆ ಒಪ್ಪಿಸಿದರು. ಸಂಗ್ರಾಹಕರ ಬೇಡಿಕೆ ಕಂಡ ಅಚ್ಚುಗಾರರು ಸುಮ್ಮನಿರಲಿಲ್ಲ. ನ್ಯೂಯಾರ್ಕಿನ ವಿಲಿಯಂ ಬ್ರಿಡ್ಜೆನ್ಸ್, ಸಿನ್ಸಿನಾಟಿಯ ಜಾನ್ ಸ್ಟಾಂಟನ್ ಇವರಂಥವರ ಕಾರ್ಯಾಗಾರಗಳಲ್ಲಿ ನೂರಾರು ಅಚ್ಚುಗಳಿದ್ದವು. ಒಬ್ಬ ಕಸಾಯಿಯ ಬಿಲ್ಲೆಯ ಮುಂಬದಿಯನ್ನು ಇನ್ನಾರದೋ ಹಿಂಬದಿಗೆ ಜೋಡಿಸಿದರೆ ಹೊಸ ಬಗೆಯೊಂದು ಸಿದ್ಧ. ಅದನ್ನೇ ಬೆಳ್ಳಿಯಲ್ಲಿ, ತವರದಲ್ಲಿ, ನಿಕ್ಕಲ್‌ನಲ್ಲಿ, ಹಳೆಯ ಹತ್ತು ಸೆಂಟಿನ ನಾಣ್ಯದ ಮೇಲೆಯೇ ಒತ್ತಿದರೆ ಮತ್ತಷ್ಟು ಬಗೆ. ಒಂದೊಂದನ್ನೂ ಐದೋ ಹತ್ತೋ ಮಾತ್ರ ಮಾಡಿ ನೇರವಾಗಿ ಸಂಗ್ರಾಹಕರಿಗೆ ಮಾರಲಾಯಿತು. ಇಂಗ್ಲೆಂಡಿನಲ್ಲೂ 1790ರ ದಶಕದ ತಾಮ್ರದ ಟೋಕನ್ನುಗಳ ಕಾಲದಲ್ಲಿ ಇದೇ ನಡೆದಿತ್ತು. ಲಂಡನ್ನಿನ ಥಾಮಸ್ ಸ್ಪೆನ್ಸ್ ತನ್ನಲ್ಲಿದ್ದ ಅಚ್ಚುಗಳನ್ನು ಹೀಗೆಯೇ ಬೆರಕೆ ಮಾಡಿ ಸಂಗ್ರಾಹಕರ ಹುಚ್ಚನ್ನು ತಣಿಸಿದ್ದ.

ಇಪ್ಪತ್ತನೇ ಶತಮಾನದಲ್ಲಿ ಪಟ್ಟಿಕೆಗಳು ಬಂದವು. 1924ರಲ್ಲಿ ಹೆಟ್ರಿಕ್ ಮತ್ತು ಗುಟ್ಟಾಗ್ ಸಿದ್ಧಪಡಿಸಿದ ಗ್ರಂಥ, ಅದರ ಬಳಿಕ 1960ರಿಂದ ಮೆಲ್ವಿನ್ ಮತ್ತು ಜಾರ್ಜ್ ಫುಲ್ಡ್ ತಂದೆ-ಮಗ ಕಟ್ಟಿದ ಬೃಹತ್ ಪಟ್ಟಿ ಈ ಕ್ಷೇತ್ರಕ್ಕೆ ತಳಹದಿ. 1967ರಲ್ಲಿ ಬಿಲ್ಲೆ ಸಂಗ್ರಾಹಕರದೇ ಸಂಘ ಹುಟ್ಟಿತು. ಫುಲ್ಡ್ ಕ್ರಮದಲ್ಲಿ ವರ್ತಕರ ಪ್ರತಿ ಬಿಲ್ಲೆಗೂ ರಾಜ್ಯ, ಊರು, ವರ್ತಕ, ಅಚ್ಚು, ಲೋಹ ಇಷ್ಟನ್ನೂ ಸೂಚಿಸುವ ಸಂಖ್ಯೆಯಿದೆ. ಊರಿನ ಜಾಗ ಲೋಹಕ್ಕಿಂತ ಮೊದಲು ಬರುವಂತೆ ಅವರು ಏರ್ಪಡಿಸಿದ್ದು ಸಣ್ಣ ವಿವೇಕವಲ್ಲ. ಆದರೆ ಪೇಟೆ ಆ ಸಂಖ್ಯೆಯಿಂದ ಎತ್ತಿಕೊಂಡದ್ದು ಲೋಹವನ್ನು ಸೂಚಿಸುವ ಕೊನೆಯ ಅಕ್ಷರವನ್ನು, ಜೊತೆಗೆ ವಿರಳತೆಯ ಅಳತೆಗೋಲನ್ನು. ಆ ಅಳತೆಯಲ್ಲಿ 'ಆರ್ 1' ಎಂದರೆ 5,000ಕ್ಕೂ ಹೆಚ್ಚು ಉಳಿದಿವೆ; 'ಆರ್ 10' ಎಂದರೆ ಗೊತ್ತಿರುವುದು ಒಂದೇ. ಅಳತೆಗೋಲು ಎಷ್ಟು ಉಳಿದಿವೆ ಎಂಬುದನ್ನು ಹೇಳುತ್ತದೆ, ಏಕೆ ಅಷ್ಟೇ ಉಳಿದಿವೆ ಎಂಬುದನ್ನು ಹೇಳದು. ಹಳ್ಳಿಯ ದಿನಸಿ ಅಂಗಡಿಯವನೊಬ್ಬ ಕೆಲವೇ ನೂರು ಬಿಲ್ಲೆ ತರಿಸಿ, ಅವೆಲ್ಲ ಬಳಕೆಯಲ್ಲಿ ಕಳೆದುಹೋಗಿ ಎರಡು ಉಳಿದಿದ್ದರೆ ಅದೂ ವಿರಳ. ಅಚ್ಚುಗಾರ ಸಂಗ್ರಾಹಕನಿಗಾಗಿ ಬೆಳ್ಳಿಯಲ್ಲಿ ಎರಡೇ ಒತ್ತಿದ್ದರೆ ಅದೂ ವಿರಳ. ಪಟ್ಟಿಯಲ್ಲಿ ಎರಡೂ ಒಂದೇ ಅಂಕಿ. ಹೊಳಪಿನ ದರ್ಜೆಯನ್ನೂ ಸೇರಿಸಿದರೆ ಎರಡನೆಯದು ಯಾವಾಗಲೂ ಮೇಲೆ, ಏಕೆಂದರೆ ಅದು ಒಂದು ದಿನವೂ ಯಾರ ಜೇಬಿನಲ್ಲೂ ಉಜ್ಜಿಹೋಗಿಲ್ಲ.

ಚಿಲ್ಲರೆಯ ಅಭಾವದ ಕಾಲವನ್ನು ಅರಿಯಲು ಕೂಡಿಸುತ್ತೇವೆ ಎನ್ನುವವರಿಗೆ ಈ ಲೆಕ್ಕ ಸಲ್ಲದು. ಚಲಾವಣೆಯ ವಸ್ತುವಿಗೆ ಸವೆತ ಎಂಬುದು ದೋಷವಲ್ಲ, ದಾಖಲೆ. ಉಬ್ಬಿದ ಅಕ್ಷರಗಳು ಎಷ್ಟು ಮಾಸಿವೆ ಎಂಬುದರಿಂದ ಬಿಲ್ಲೆ ಎಷ್ಟು ಕಾಲ ಓಡಾಡಿತು ಎಂಬ ಅಂದಾಜು ಸಿಗುತ್ತದೆ. ಒಂದೇ ವರ್ತಕನ ಇಪ್ಪತ್ತು ಬಿಲ್ಲೆಗಳಲ್ಲಿ ಹತ್ತೊಂಬತ್ತು ಸವೆದಿದ್ದರೆ ಅವನ ಮಾತಿಗೆ ಪೇಟೆಯಲ್ಲಿ ಬೆಲೆಯಿತ್ತು ಎನ್ನಬಹುದು. ಇಪ್ಪತ್ತೂ ಹೊಸದರಂತೆ ಇದ್ದರೆ ಬಹುಶಃ ಅವು ಜಾಹೀರಾತಿಗಷ್ಟೇ ಹಂಚಿದವು ಅಥವಾ ಹೊರಡುವ ಮೊದಲೇ 1864ರ ಕಾಯ್ದೆ ಬಂತು. ಹೊಳೆಯುವ ಬಿಲ್ಲೆಯನ್ನೊಂದೇ ಆಯ್ದಿಟ್ಟುಕೊಂಡವರಿಗೆ ಈ ಪ್ರಶ್ನೆಯೇ ಹುಟ್ಟದು.

ಇದಕ್ಕೆ ಎರಡು ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು: ಸಂಗ್ರಾಹಕರಿಗಾಗಿ ಒತ್ತಿದ ಬೆರಕೆ ಬಿಲ್ಲೆಗಳೂ ಇತಿಹಾಸದ ಭಾಗವೇ. ಈ ಮಾತು ಸರಿ, ಒಂದು ದೃಷ್ಟಿಯಿಂದ ಬಹಳ ಸರಿ. ಹೆಚ್ಚಿನ ಬಿಲ್ಲೆಗಳ ಮೇಲೆ ಅಚ್ಚುಗಾರನ ಹೆಸರಿಲ್ಲ. ಯಾವ ಅಚ್ಚು ಯಾವುದರ ಜೊತೆ ಸೇರಿದೆ ಎಂಬ ಸರಪಣಿಯನ್ನು ಹಿಡಿದು ಹೋದರೇನೇ ನೂರಾರು ವರ್ತಕರ ಬಿಲ್ಲೆಗಳು ಒಂದೇ ಕಾರ್ಯಾಗಾರದಲ್ಲಿ ತಯಾರಾದವು ಎಂಬುದು ಗೊತ್ತಾಗುತ್ತದೆ. ಹೀಗೆ ಸರಪಣಿಯ ಕೊಂಡಿಗಳಾಗಿ ಒದಗಿದವುಗಳಲ್ಲಿ ಬೆರಕೆ ಬಿಲ್ಲೆಗಳೂ ಇವೆ. ಅವನ್ನು ಕಸವೆಂದು ತಳ್ಳುವುದು ಅವಿವೇಕ. ಅವು ಹೇಳುವುದು ಅಚ್ಚುಗಾರನ ಕಥೆಯನ್ನು, ಸಂಗ್ರಾಹಕನ ಕಥೆಯನ್ನು; ಚಿಲ್ಲರೆಯ ಕಥೆಯನ್ನಲ್ಲ. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಒಂದೇ ಅಂಕಿಯಿಂದ ತೂಗುವುದರಲ್ಲಿದೆ ತೊಡಕು. ಪಟ್ಟಿಕೆಗಳು ಚಲಾವಣೆಗೆ ಹೊಡೆದದ್ದು ಯಾವುದು, ಮಾರಾಟಕ್ಕೆ ಹೊಡೆದದ್ದು ಯಾವುದು ಎಂದು ತಿಳಿದಷ್ಟನ್ನಾದರೂ ನಮೂದಿಸಿದರೆ ಈ ತೊಡಕು ಅರ್ಧ ಬಿಡಿಸಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ: ಹವ್ಯಾಸಕ್ಕೆ ಯಾರೂ ನಿಯಮ ಹೇರುವಂತಿಲ್ಲ, ಚಂದವಾದದ್ದನ್ನು ಬಯಸುವುದು ಸಹಜ. ಇದನ್ನೂ ಒಪ್ಪಬೇಕು. ಆದರೂ ಸಂಗ್ರಾಹಕರ ಆಯ್ಕೆ ಅವರ ಮನೆಯ ಕಪಾಟಿನಲ್ಲೇ ನಿಲ್ಲುವುದಿಲ್ಲ. ಬೆಲೆಯಿಲ್ಲದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ. ಸವೆದ ಬಿಲ್ಲೆಗಳನ್ನು ವ್ಯಾಪಾರಿಗಳು ಊರು ಕೇರಿ ನೋಡದೆ ಒಟ್ಟು ತೂಕದಲ್ಲಿ ಮಾರುತ್ತಾರೆ. ಒಂದು ಹಳೆಯ ಮನೆಯ ನೆಲದಡಿ ಒಟ್ಟಿಗೆ ಸಿಕ್ಕಿದ ಗಂಟು ಒಡೆದು ಚೂರಾಗುತ್ತದೆ. ಹೊಳಪಿಗಾಗಿ ತಿಕ್ಕಿ ತೊಳೆದ ತಾಮ್ರ ತನ್ನ ಮೇಲ್ಪದರವನ್ನೇ ಕಳೆದುಕೊಳ್ಳುತ್ತದೆ. ಒಟ್ಟಿಗೆ ಕೂಡಿಟ್ಟ ಗಂಟಿನಲ್ಲಿ ಯಾವ ಯಾವ ಊರಿನ ಬಿಲ್ಲೆಗಳಿದ್ದವು ಎಂಬುದು ಆ ಕಾಲದ ವ್ಯಾಪಾರದ ಹರವನ್ನು ತೋರಿಸಬಲ್ಲ ಅಪರೂಪದ ಸಾಕ್ಷ್ಯ. ಡೆಟ್ರಾಯ್ಟಿನ ಬಿಲ್ಲೆ ಒಹಾಯೊದ ಹೊಲದಲ್ಲಿ ಸಿಕ್ಕರೆ ಅದು ಅಲ್ಲಿಗೆ ಯಾರ ಜೇಬಿನಲ್ಲಿ, ರೈಲಿನಲ್ಲೋ ದಂಡಿನ ಜೊತೆಗೋ ಬಂತು ಎಂದು ಕೇಳಬಹುದು; ಸಿಕ್ಕ ಜಾಗವನ್ನು ಬರೆದಿಡದಿದ್ದರೆ ಕೇಳಲು ಏನೂ ಉಳಿಯದು.

ಈ ವಿಷಯದಲ್ಲಿ ಸಾಮಾನ್ಯ ಸಂಗ್ರಾಹಕರಿಗೆ ಇರುವ ಅವಕಾಶ ದೊಡ್ಡದು. ಪೇಟೆಯ ತಲೆಕೆಳಗಾದ ಲೆಕ್ಕದಿಂದಾಗಿಯೇ ಚಲಾವಣೆಯ ಬಿಲ್ಲೆಗಳು ಕೈಗೆಟುಕುವ ಬೆಲೆಯಲ್ಲಿವೆ. ಒಂದೇ ಊರನ್ನು ಅಥವಾ ಒಂದೇ ಕಸುಬನ್ನು ಹಿಡಿದು, ಪ್ರತಿ ವರ್ತಕನ ಒಂದಕ್ಕಿಂತ ಹೆಚ್ಚು ಬಿಲ್ಲೆಗಳನ್ನು ಸವೆತದ ಹಲವು ಹಂತಗಳಲ್ಲಿ ಕೂಡಿಸಿ, 1860ರ ಜನಗಣತಿ ಮತ್ತು ಊರಿನ ವಿಳಾಸ ಪುಸ್ತಕಗಳಲ್ಲಿ ಆ ಹೆಸರುಗಳನ್ನು ಹುಡುಕಿದರೆ ವಲಸೆ ಬಂದವನೊಬ್ಬ ಎಲ್ಲಿಂದ ಬಂದ, ಅವನ ಅಂಗಡಿ ಎಷ್ಟು ವರ್ಷ ನಡೆಯಿತು, ಯುದ್ಧದ ಬಳಿಕ ಉಳಿಯಿತೇ ಎಂಬ ವಿವರಗಳು ಒಂದೊಂದಾಗಿ ಸೇರುತ್ತವೆ. ಇಂಥ ಸ್ಥಳೀಯ ಶೋಧನೆಗಳಲ್ಲಿ ಗಣನೀಯ ಪಾಲನ್ನು ಮಾಡಿದವರು ವಿಶ್ವವಿದ್ಯಾಲಯದ ಹೊರಗಿನ ಹವ್ಯಾಸಿಗಳೇ. ಬಿಲ್ಲೆಯನ್ನು ತೊಳೆಯದೆ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಫುಲ್ಡ್ ಸಂಖ್ಯೆಯ ಜೊತೆಗೆ ತೂಕ, ಸವೆತದ ಮಟ್ಟ, ಸಿಕ್ಕ ಜಾಗ, ಯಾರಿಂದ ಬಂತು, ಜೊತೆಯಲ್ಲಿ ಬೇರೆ ಏನು ಸಿಕ್ಕಿತು ಎಂಬುದನ್ನು ಲಕೋಟೆಯ ಮೇಲೆ ಬರೆದಿಡಬೇಕು. ಗುಂಪಾಗಿ ಸಿಕ್ಕಿದ್ದನ್ನು ಮಾರಲೇಬೇಕಾದರೆ ಒಡೆಯುವ ಮೊದಲು ಪೂರ್ತಿ ಪಟ್ಟಿ ಮಾಡಿ ಸಂಘದ ಪತ್ರಿಕೆಗೋ ಆ ಊರಿನ ವಸ್ತುಸಂಗ್ರಹಾಲಯಕ್ಕೋ ಒಂದು ಪ್ರತಿ ಕಳುಹಿಸಬೇಕು.